ಬರ್ನಿಂಗ್ ಮ್ಯಾನ್‌ಗೆ ಸೈಕಲ್ ಒಯ್ಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ಆಗಸ್ಟ್ ಬಂತು ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿರೋ ನಮ್ಮವರಲ್ಲಿ ಒಂದಷ್ಟು ಜನ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮೀಲಿ ನಡೆಯೋ ಬರ್ನಿಂಗ್ ಮ್ಯಾನ್ ಅನ್ನೋ ಕಲಾ ಹಬ್ಬಕ್ಕೆ ಹೊರಡ್ತಾರೆ. ಟೆಂಟು, ನೀರು, ಅವಲಕ್ಕಿ ಪುಳಿಯೋಗರೆ ಗೊಜ್ಜು ಎಲ್ಲಾ ಪ್ಲಾನ್ ಮಾಡಿರ್ತಾರೆ, ಸೈಕಲ್ ಮಾತ್ರ ಕೊನೇ ದಿನ ನೆನಪಾಗತ್ತೆ. ಮೊದಲ ಸಲ ಹೋಗೋರು ಕೇಳೋ ಪ್ರಶ್ನೆ ಎಲ್ಲಾ ಇಲ್ಲಿ ಒಟ್ಟಿಗೆ ಹಾಕಿದೀನಿ. ಟಿಕೆಟ್ ಹೇಗೆ ತಗೋಬೇಕು, ಯಾವ ಕ್ಯಾಂಪ್ ಸೇರಬೇಕು ಅನ್ನೋದು ಇಲ್ಲಿಲ್ಲ, ಬರೀ ಸೈಕಲ್ ವಿಷಯ.

ಸೈಕಲ್ ಬೇಕೇ ಬೇಕಾ, ನಡ್ಕೊಂಡು ಓಡಾಡಕ್ಕಾಗಲ್ವಾ?

ಆಗತ್ತೆ, ಆದ್ರೆ ಎರಡನೇ ದಿನಕ್ಕೇ ಕಾಲು ಬಿದ್ದೋಗತ್ತೆ. ಒಂದು ವಾರಕ್ಕೆ ಅಂತ ಎದ್ದು ನಿಲ್ಲೋ ಊರು ಅದು, 70-80 ಸಾವಿರ ಜನ ಇರ್ತಾರೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಕಿಲೋಮೀಟರ್‌ಗೂ ಜಾಸ್ತಿ. ಊರಿನ ನಕ್ಷೆ ಗಡಿಯಾರದ ಥರ, ಮಧ್ಯದಲ್ಲಿ ಮ್ಯಾನ್ ಅನ್ನೋ ದೊಡ್ಡ ಮರದ ಬೊಂಬೆ, ಸುತ್ತ 2:00ರಿಂದ 10:00ರ ತನಕ ಅರ್ಧಚಂದ್ರದ ಹಾಗೆ ರಸ್ತೆಗಳು, ವಿಳಾಸ ಕೂಡ "ಏಳೂವರೆ ಮತ್ತೆ E ರಸ್ತೆ" ಅಂತಾನೇ ಹೇಳೋದು. ಬಂದ ಮೇಲೆ ನಿಮ್ಮ ಕಾರು ಕ್ಯಾಂಪ್‌ನಲ್ಲೇ ನಿಂತಿರಬೇಕು, ಊರೊಳಗೆ ಅದರಲ್ಲಿ ಸುತ್ತೋ ಹಾಗಿಲ್ಲ. ಲೈಸೆನ್ಸ್ ಇರೋ ಆರ್ಟ್ ಕಾರುಗಳು, ಅಂದ್ರೆ ಕಲಾಕೃತಿ ಥರ ರೂಪ ಬದಲಿಸಿದ ಗಾಡಿಗಳು ಮಾತ್ರ ಓಡಾಡ್ತವೆ, ಅವೂ ಗಂಟೆಗೆ ಐದು ಮೈಲಿ ವೇಗದಲ್ಲಿ. ಹಾಗಾಗಿ ಅಲ್ಲಿ ಸೈಕಲ್ ಇಲ್ದೋನು ಅಂದ್ರೆ ಬೆಂಗಳೂರಲ್ಲಿ ಗಾಡಿ ಇಲ್ದೋನಿಗಿಂತ ಕಷ್ಟ, ಆಟೋನೂ ಇಲ್ಲ ಬಸ್ಸೂ ಇಲ್ಲ.

ನನ್ ಹತ್ರ ಒಳ್ಳೇ ರೋಡ್ ಬೈಕ್ ಇದೆ, ಅದನ್ನೇ ತಗೊಂಡ್ ಹೋಗ್ಲಾ?

ಬೇಡ. ದಯವಿಟ್ಟು ಬೇಡ. ಅಲ್ಲಿನ ನೆಲ ಒಣಗಿದ ಕೆರೆಯ ತಳ, ಅದನ್ನ ಪ್ಲಾಯಾ ಅಂತಾರೆ, ಧೂಳು ಟಾಲ್ಕಂ ಪೌಡರ್‌ಗಿಂತ ನಯ, ಮೇಲಾಗಿ ಕ್ಷಾರ. ಬೇರಿಂಗು, ಚೈನು, ಕೇಬಲ್ಲು ಎಲ್ಲಾ ಕಡೆ ನುಗ್ಗಿ ಕೂತ್ಕೊಳ್ಳತ್ತೆ, ಆಮೇಲೆ ಲೋಹ ತಿನ್ನಕ್ಕೆ ಶುರು ಮಾಡತ್ತೆ. ರೋಡ್ ಬೈಕಿನ ಸಣ್ಣ ಟೈರು ಮೆತ್ತಗಿರೋ ಜಾಗದಲ್ಲಿ ಹೂತ್ಕೊಂಡು ನಿಮ್ಮನ್ನ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯತ್ತೆ. ಎಲ್ಲಕ್ಕಿಂತ ಮುಖ್ಯ, ದುಬಾರಿ ಸೈಕಲ್ ಒಯ್ದ್ರೆ ವಾರ ಪೂರ್ತಿ ನಿಮ್ಮ ಜೀವ ಅದರ ಮೇಲೇ ಇರತ್ತೆ.

ಬೇಕಾಗಿರೋದು ಅಗಲ ಟೈರಿನ, ಗೇರಿಲ್ಲದ, ಹಳೇ ಬೀಚ್ ಕ್ರೂಸರ್. ಪೆಡಲ್ ಹಿಂದಕ್ಕೆ ತುಳಿದ್ರೆ ನಿಲ್ಲೋ ಥರದ ಬ್ರೇಕ್ ಇದ್ರೆ ಇನ್ನೂ ವಾಸಿ, ಧೂಳು ತುಂಬಿ ಕೆಡೋಕೆ ಅಲ್ಲಿ ಕೇಬಲ್ಲೇ ಇರಲ್ಲ. ಮುಂದೊಂದು ಬುಟ್ಟಿ ಹಾಕಿಸ್ಕೊಳ್ಳಿ, ನೀರಿನ ಬಾಟ್ಲು ಗಾಗಲ್ಸ್ ಮಾಸ್ಕ್ ಇಡಕ್ಕೆ ಬೇಕೇ ಬೇಕು. ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಜುಲೈನಲ್ಲೇ ಹುಡುಕಿ. ಹೊರಡೋ ಹಿಂದಿನ ದಿನ ದಾರೀಲಿ ಸಿಗೋ ರೀನೋ ಊರಿನ ವಾಲ್‌ಮಾರ್ಟ್‌ನಲ್ಲಿ ತಗೋತೀನಿ ಅಂತ ಕೂತ್ಕೊಂಡ್ರೆ ಎಲ್ಲರೂ ಅದೇ ಪ್ಲಾನ್ ಮಾಡಿರ್ತಾರೆ, ಮಕ್ಕಳ ಸೈಕಲ್ ಬಿಟ್ರೆ ಏನೂ ಉಳಿದಿರಲ್ಲ.

ಇ-ಬೈಕ್?

ತುಂಬಾ ಜನ ತರ್ತಾರೆ ಈಗ. ನನಗೇನೋ ಅದು ದುಡ್ಡು ದಂಡ ಅನ್ಸತ್ತೆ, ನೆಲ ಸಪಾಟಾಗಿದೆ, ಏರೇ ಇಲ್ಲ, ಮೋಟರ್ ಯಾತಕ್ಕೆ. ಮಂಡಿ ನೋವಿರೋರಿಗೆ, ವಯಸ್ಸಾದೋರಿಗೆ ಸರಿ. ಒಯ್ಯೋದೇ ಆದ್ರೆ ಚಾರ್ಜ್ ಮಾಡಕ್ಕೆ ಕ್ಯಾಂಪ್‌ನಲ್ಲಿ ಕರೆಂಟ್ ಇದ್ಯಾ ಕೇಳ್ಕೊಳ್ಳಿ, ಕ್ಯಾಂಪ್‌ಗೆ ಬಂದ ತಕ್ಷಣ ಬ್ಯಾಟರಿ ಬಿಚ್ಚಿ ಟೆಂಟೊಳಗೆ ಇಟ್ಕೊಳ್ಳಿ, ಜನದ ಮಧ್ಯೆ ಜೋರಾಗಿ ಓಡಿಸ್ಬೇಡಿ. ಒಂದು ವಿಷಯ ನೆನಪಿರಲಿ, ಪ್ಲಾಯಾದಲ್ಲಿ ನಿಜವಾದ ಕಳ್ಳ ಅಂತ ಯಾರಾದ್ರೂ ಇದ್ರೆ ಅವನ ಕಣ್ಣು ಇ-ಬೈಕ್ ಮೇಲೇ ಇರತ್ತೆ. ಇದಕ್ಕೆ ಗಟ್ಟಿ ಬೀಗಾನೇ ಬೇಕು, ಕೆಳಗೆ ಬೀಗದ ಪ್ರಶ್ನೇಲಿ ನಾನು ಹೇಳಿರೋದು ಸಾದಾ ಸೈಕಲ್‌ಗೆ ಮಾತ್ರ.

ಕಾರಲ್ಲಿ ಹೇಗೆ ಒಯ್ಯೋದು? ರ್‍ಯಾಕ್ ಯಾವುದು ವಾಸಿ?

ಗಾಡಿ ಒಳಗೆ ಹಿಡಿದ್ರೆ ಅದೇ ವಾಸಿ, ಮುಂದಿನ ಚಕ್ರ ಬಿಚ್ಚಿ ಹಳೇ ಬೆಡ್‌ಶೀಟ್ ಸುತ್ತಿ ಇಟ್ರೆ ಮಿನಿವ್ಯಾನ್‌ನಲ್ಲಿ ಎರಡು ಆರಾಮಾಗಿ ಹೋಗತ್ತೆ. ಆದ್ರೆ ನಾಲ್ಕು ಜನ, ವಾರಕ್ಕಾಗೋ ನೀರು, ಊಟ, ಟೆಂಟು ಎಲ್ಲಾ ತುಂಬಿದ್ಮೇಲೆ ಒಳಗೆ ಜಾಗ ಎಲ್ಲಿ ಬರ್ಬೇಕು, ಹಾಗಾಗಿ ಹಿಂದೆ ರ್‍ಯಾಕೇ ಗತಿ.

ಸೈಕಲ್ ನಿಲ್ಲಿಸೋ ಥರದ, ಗಾಡಿ ಹಿಂದಿನ ಕೊಂಡಿಗೆ ಸಿಕ್ಕಿಸೋ ಹಿಚ್ ರ್‍ಯಾಕ್ ತಗೊಳ್ಳಿ, ನೇತಾಕೋ ಥರದ್ದರಲ್ಲಿ ಕ್ರೂಸರಿನ ಡೊಂಕು ಫ್ರೇಮ್ ಸರಿಯಾಗಿ ಕೂರಲ್ಲ. ರ್‍ಯಾಕಿಗೆ ಬರೋ ಪಟ್ಟಿ ಸಾಕು ಅಂದ್ಕೋಬೇಡಿ, ಮೇಲಿಂದ ಇನ್ನೆರಡು ಪಟ್ಟಿ ಬಿಗೀರಿ, ದಾರಿ ಮಧ್ಯೆ ಪೆಟ್ರೋಲ್ ಹಾಕಿಸೋವಾಗೆಲ್ಲ ಒಂದ್ಸಲ ಅಲ್ಲಾಡಿಸಿ ನೋಡಿ. ಟೈರು ಸೈಲೆನ್ಸರ್ ಪೈಪಿನ ಎದುರಿಗೆ ಬರ್ದೇ ಇರೋ ಹಾಗೆ ನೋಡ್ಕೊಳ್ಳಿ, ಆರೇಳು ಗಂಟೆ ಬಿಸಿ ಹೊಗೆ ಬಡಿದ್ರೆ ಟೈರು ಕರಗಿ ಹೋಗತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ.

ಆರ್‌ವಿ (ಮನೆ ಥರ ಇರೋ ಗಾಡಿ) ಬಾಡಿಗೆಗೆ ತಗೊಂಡಿರೋರು ಹಿಂದಿನ ಬಂಪರ್‌ಗೆ ರ್‍ಯಾಕ್ ಹಾಕೋ ಮುಂಚೆ ಬಾಡಿಗೆ ಕೊಟ್ಟೋರನ್ನ ಕೇಳಿ. ಎಷ್ಟೋ ಆರ್‌ವಿಗಳ ಬಂಪರು ತೆಳ್ಳನೆ ಚೌಕ ಪೈಪು ಅಷ್ಟೇ, ನಾಲ್ಕು ಸೈಕಲ್ ಭಾರಕ್ಕೆ ವೆಲ್ಡಿಂಗೇ ಕಿತ್ಕೊಂಡು ಬರತ್ತೆ.

ದಾರೀಲಿ ಪೊಲೀಸ್ ಹಿಡೀತಾರಂತೆ ಹೌದಾ?

ನಂಬರ್ ಪ್ಲೇಟ್ ಮುಚ್ಚಿದ್ರೆ ಖಂಡಿತ ಹಿಡೀತಾರೆ. ರ್‍ಯಾಕು, ಸೈಕಲ್ಲು, ಮೇಲೆ ಹೊದಿಸಿದ ಟಾರ್ಪಾಲು ಯಾವುದೂ ಹಿಂದಿನ ಪ್ಲೇಟಿಗೆ ಅಡ್ಡ ಬರೋ ಹಾಗಿಲ್ಲ. ವಾಡ್ಸ್‌ವರ್ತ್ ಹತ್ರ ಫ್ರೀವೇ ಬಿಟ್ಟು 447 ರಸ್ತೆ ಹಿಡಿದ್ರೆ ಮರುಭೂಮಿ ಪಕ್ಕದ ಗರ್ಲಾಕ್ ಊರಿನ ತನಕ ಎರಡೇ ಲೇನು, ಮಧ್ಯೆ ಪಿರಮಿಡ್ ಲೇಕ್ ಪೈಯೂಟ್ ಅನ್ನೋ ಮೂಲನಿವಾಸಿ ಜನರ ರಿಸರ್ವೇಶನ್ ಬರತ್ತೆ, ಅಲ್ಲಿ ಅವರದ್ದೇ ಪೊಲೀಸು ಅವರದ್ದೇ ಸ್ಪೀಡ್ ಲಿಮಿಟ್ಟು. ಆ ವಾರ ಪ್ಲೇಟ್ ಕಾಣ್ತಿಲ್ಲ ಅನ್ನೋದೊಂದೇ ನೆಪ ಸಾಕು ಗಾಡಿ ಸೈಡಿಗೆ ಹಾಕ್ಸಕ್ಕೆ. ಹೊರಡೋ ಮುಂಚೆ ಹತ್ತು ಹೆಜ್ಜೆ ಹಿಂದೆ ನಿಂತು ಪ್ಲೇಟ್ ಫೋಟೋ ತೆಗೀರಿ, ಎಲ್ಲಾ ಅಕ್ಷರ ಓದಕ್ಕಾದ್ರೆ ಸರಿ, ಆಗ್ಲಿಲ್ಲ ಅಂದ್ರೆ ಸೈಕಲ್ ಆಚೆ ಈಚೆ ಸರಿಸಿ.

ರೀನೋದಲ್ಲಿ ರಾತ್ರಿ ಉಳ್ಕೊಂಡು ಬೆಳಗ್ಗೆ ಹೊರಡೋಣ ಅಂತಿದೀವಿ, ಸೈಕಲ್ ರ್‍ಯಾಕಲ್ಲೇ ಇರ್ಲಾ?

ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ಯಾಕಂದ್ರೆ ಎಲ್ಲರೂ ಮರುಭೂಮಿಲಿ ಕಳ್ಳತನ ಆಗತ್ತೆ ಅಂತ ಹೆದರ್ತಾರೆ, ಆದ್ರೆ ಕಟರ್ ಹಿಡ್ಕೊಂಡು ಬರೋ ಅಸಲಿ ಕಳ್ಳರು ಇರೋದು ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್, ರೀನೋ ಅಂಥ ಕಡೆ, ಮೋಟೆಲ್ ಪಾರ್ಕಿಂಗ್‌ನಲ್ಲಿ, ಅಂಗಡಿ ಮುಂದೆ. ಧೂಳಿನ ಕನ್ನಡಕ, ರೋಮದ ಕೋಟು ತುಂಬ್ಕೊಂಡು ಹಿಂದೆ ನಾಲ್ಕು ಸೈಕಲ್ ನೇತಾಕಿರೋ ಗಾಡಿ ನೋಡಿದ್ರೆ ಯಾರಿಗಾದ್ರೂ ಗೊತ್ತಾಗತ್ತೆ ಇವರು ಎಲ್ಲಿಗೆ ಹೊರಟೋರು, ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾರೆ ಅಂತ.

ರಾತ್ರಿ ಉಳಿಯೋದಾದ್ರೆ ಸೈಕಲ್ ರೂಮೊಳಗೆ ತಳ್ಕೊಂಡು ಹೋಗಿ, ಮೊದಲೇ ಫೋನ್ ಮಾಡಿ ಕೇಳಿದ್ರೆ ಬಹಳ ಕಡೆ ಬೇಡ ಅನ್ನಲ್ಲ. ಆಗ್ಲೇ ಇಲ್ಲ ಅಂದ್ರೆ ಗೋಡೆಗೆ ಹಿಂಬದಿ ಅಂಟೋ ಹಾಗೆ ಗಾಡಿ ನಿಲ್ಲಿಸಿ, ಎಲ್ಲಾ ಸೈಕಲ್‌ಗಳ ಫ್ರೇಮೊಳಗಿಂದ ಒಂದೇ ಸರಪಳಿ ಹಾಯ್ಸಿ ರ್‍ಯಾಕಿಗೆ ಬೀಗ ಹಾಕಿ. ಆಮೇಲೆ ರ್‍ಯಾಕ್ ಗಾಡಿಗೆ ಸೇರೋ ಕಡೆ ಒಂದು ಪಿನ್ ಇರತ್ತೆ ನೋಡಿ, ಹಿಚ್ ಪಿನ್ನು, ಬರೀ ಕ್ಲಿಪ್ ಹಾಕಿರೋದಾದ್ರೆ ಕಳ್ಳ ಬೀಗದ ತಂಟೆಗೇ ಹೋಗಲ್ಲ, ಪಿನ್ ಎಳೆದು ರ್‍ಯಾಕ್ ಸಮೇತ ಎತ್ಕೊಂಡು ಹೋಗ್ತಾನೆ. ಬೀಗ ಇರೋ ಪಿನ್ ಸಿಗತ್ತೆ, ತುಂಬಾ ರೇಟೇನಿಲ್ಲ.

ಅಲ್ಲಿ ಎಲ್ಲರೂ ಎಲ್ಲಾನೂ ಫ್ರೀಯಾಗಿ ಕೊಡ್ತಾರಂತಲ್ಲ, ಅಂಥಾ ಜಾಗದಲ್ಲಿ ಸೈಕಲ್ ಕಳ್ಳತನ ಹೇಗಾಗತ್ತೆ?

ನಿಜ, ಐಸ್ ಬಿಟ್ರೆ ಹೆಚ್ಚುಕಮ್ಮಿ ಏನೂ ಮಾರಲ್ಲ, ಗೊತ್ತಿಲ್ದೋರು ಕರೆದು ಊಟ ಹಾಕ್ತಾರೆ. ಆದ್ರೂ ಸೈಕಲ್ ಹೋಗತ್ತೆ, ದಿನಾ ಹೋಗತ್ತೆ. ಕಾರಣ ಅರ್ಥ ಮಾಡ್ಕೊಂಡ್ರೆ ಉಪಾಯ ತಾನಾಗೇ ಹೊಳೆಯತ್ತೆ.

ಬೆಳಗಿನ ಜಾವ ಮೂರು ಗಂಟೆ ಅಂದ್ಕೊಳ್ಳಿ. ಜೋರಾಗಿ ಮ್ಯೂಸಿಕ್ ಹಾಕೋ ಒಂದು ದೊಡ್ಡ ಸೌಂಡ್ ಕ್ಯಾಂಪ್ ಮುಂದೆ ಇನ್ನೂರು ಮುನ್ನೂರು ಸೈಕಲ್ ಒಂದರ ಮೇಲೊಂದು ಬಿದ್ದಿವೆ, ಎಲ್ಲದರ ಮೇಲೂ ಒಂದೇ ಥರ ಬಿಳೀ ಧೂಳು, ಅರ್ಧಕ್ಕರ್ಧ ಅದೇ ಅಂಗಡಿಯ ಅದೇ ಮಾಡೆಲ್ಲು, ಎಲ್ಲದಕ್ಕೂ ಅದೇ ಬಣ್ಣಬಣ್ಣದ ಎಲ್‌ಇಡಿ ದಾರ. ಒಬ್ಬ ಆಚೆ ಬರ್ತಾನೆ, ಕುಡಿದಿದಾನೆ ಇಲ್ಲಾ ನಿದ್ದೆಗೆಟ್ಟಿದಾನೆ, ಚಳಿಗೆ ನಡುಗ್ತಿದಾನೆ, ಅವನ ಸೈಕಲ್ ಎಲ್ಲಿ ಬಿಟ್ಟ ಅಂತ ನೆನಪಿಲ್ಲ, ಕ್ಯಾಂಪ್ ಎರಡು ಕಿಲೋಮೀಟರ್ ದೂರ. ಕೈಗೆ ಸಿಕ್ಕಿದ್ದು, ಬೀಗ ಇಲ್ದೇ ಇರೋದು, ಅದನ್ನ ಹತ್ಕೊಂಡು ಹೊರಟೋಗ್ತಾನೆ. ಕೆಲವರು ನಿಜವಾಗ್ಲೂ ಇದು ನಂದೇ ಅಂದ್ಕೊಂಡಿರ್ತಾರೆ, ಕೆಲವರು ಇಲ್ಲಿ ಸೈಕಲ್ ಎಲ್ಲಾ ಎಲ್ಲರದ್ದೂ ಅಂತ ಯಾರೋ ಹೇಳಿದ್ದನ್ನ ನಂಬಿರ್ತಾರೆ, ಇನ್ನು ಕೆಲವರದ್ದನ್ನ ಮೊದಲೇ ಯಾರೋ ಒಯ್ದಿರ್ತಾರೆ, ಅದಕ್ಕೆ ಅವರು ಇನ್ನೊಬ್ಬರದ್ದು ಎತ್ಕೋತಾರೆ, ಹೀಗೆ ಒಂದರ ಹಿಂದೆ ಒಂದು. ಬೆಳಗಾದ ಮೇಲೆ ಯಾರೂ ಅದನ್ನ ವಾಪಸ್ ತಂದಿಡಲ್ಲ, ಯಾವುದೋ ಪೋರ್ಟಬಲ್ ಟಾಯ್ಲೆಟ್ ಸಾಲಿನ ಪಕ್ಕ ಬಿದ್ದಿರತ್ತೆ.

ಇವರ್ಯಾರೂ ಮಾರಿ ದುಡ್ಡು ಮಾಡ್ಕೊಳ್ಳೋರಲ್ಲ. ಮನೆಗೆ ಹೋಗಕ್ಕೆ ಗಾಡಿ ಬೇಕಾಗಿರೋರು. ಅಂಥೋರಿಗೆ ಒಂದು ಸಣ್ಣ ಬೀಗ ಕಂಡ್ರೆ ಸಾಕು, ಪಕ್ಕದ ಸೈಕಲ್‌ಗೆ ಹೋಗ್ತಾರೆ. ಅದಕ್ಕೇ ನಾನು ಹೇಳೋದು, ಪ್ಲಾಯಾದಲ್ಲಿ ಬೀಗ ದೊಡ್ಡದಾಗಿರೋದು ಮುಖ್ಯ ಅಲ್ಲ, ಪ್ರತೀ ಸಲ ಹಾಕೋದು ಮುಖ್ಯ. ಎರಡು ನಿಮಿಷ ಟಾಯ್ಲೆಟ್‌ಗೆ ಹೋಗಿ ಬರ್ತೀನಿ ಅಂದ್ರೂ ಹಾಕಿ, ಎದುರುಗಡೆ ಕಾಣ್ತಿದೆ ಅಂದ್ರೂ ಹಾಕಿ. ಟಾಯ್ಲೆಟ್ ಮುಂದೆ ಹೋದಷ್ಟು ಸೈಕಲ್ ಇನ್ನೆಲ್ಲೂ ಹೋಗಲ್ವೇನೋ ಅನ್ಸತ್ತೆ ನಂಗೆ.

ಹಾಗಾದ್ರೆ ಫ್ರೀ ಸೈಕಲ್ ಅಂತ ಇರೋದು ಸುಳ್ಳಾ?

ಇದೆ. ಯೆಲ್ಲೋ ಬೈಕ್ ಅಂತ ಹೆಸರು, ಆದ್ರೆ ಸೈಕಲ್‌ಗಳು ಪೂರ್ತಿ ಹಸಿರು, ಯಾಕೆ ಅಂತ ಕೇಳ್ಬೇಡಿ, ಅಲ್ಲಿ ಹಾಗೇ. ಖಾಲಿ ನಿಂತಿರೋ ಹಸಿರು ಸೈಕಲ್ ಕಂಡ್ರೆ ಹತ್ತಿ, ಹೋಗೋ ಜಾಗಕ್ಕೆ ಹೋಗಿ, ಅಲ್ಲೇ ರಸ್ತೆ ಬದಿ ಬಿಡಿ, ಮುಂದಿನೋರು ತಗೋತಾರೆ. ನೀವು ಆಚೆ ಬರೋ ಹೊತ್ತಿಗೆ ಅದು ಇರಲ್ಲ, ಅದನ್ನ ಬೈಯೋ ಹಕ್ಕೂ ನಿಮಗಿಲ್ಲ. ಅದಕ್ಕೆ ಬೀಗ ಹಾಕೋದು, ಟೆಂಟ್ ಹಿಂದೆ ಬಚ್ಚಿಡೋದು, ಅದೇ ಅಲ್ಲಿ ದೊಡ್ಡ ಕಳ್ಳತನ. ಹಾಗೆ ಅದನ್ನೇ ನಂಬ್ಕೊಂಡು ಸೈಕಲ್ ಇಲ್ದೇನೂ ಹೋಗ್ಬೇಡಿ, ಬೇಕಾದಾಗ ಸಿಗಲ್ಲ.

ಇದರಿಂದ ಇನ್ನೊಂದು ಪಾಠ ಇದೆ. ನಿಮ್ಮ ಸ್ವಂತ ಸೈಕಲ್‌ಗೆ ಯಾವ ಕಾರಣಕ್ಕೂ ಹಸಿರು ಬಣ್ಣ ಬಳೀಬೇಡಿ. ಹೊಸದು ತಗೊಳ್ಳೋವಾಗ್ಲೂ ಹಸಿರು ಬೇಡ.

ಯಾವ ಬೀಗ?

ನಂಬರ್ ತಿರುಗಿಸೋ ಕೇಬಲ್ ಬೀಗ, ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣ ಇದ್ರೂ ಸಾಕು. ಬೀಗದ ಕೈ ಇರೋದು ಬೇಡ, ಯಾಕಂದ್ರೆ ಆ ಧೂಳಲ್ಲಿ, ಆ ವೇಷದಲ್ಲಿ, ಜೇಬೇ ಇಲ್ದಿರೋ ಬಟ್ಟೇಲಿ ಬೀಗದ ಕೈ ಉಳಿಯೋದಿಲ್ಲ, ಆಮೇಲೆ ನಿಮ್ಮ ಸೈಕಲ್ ನೀವೇ ಕತ್ತರಿಸೋಕೆ ಕಟರ್ ಹುಡುಕ್ಕೊಂಡು ಕ್ಯಾಂಪ್ ಕ್ಯಾಂಪ್ ಅಲೀಬೇಕು. ನೂರು ಡಾಲರ್ ಸೈಕಲ್‌ಗೆ ನೂರು ಡಾಲರ್ ಯು-ಲಾಕ್ ಹಾಕೋದು ಮೂಗಿಗಿಂತ ಮೂಗುತಿ ಭಾರ ಆಗತ್ತೆ. ಆದ್ರೆ ಮೇಲೆ ಹೇಳಿದ ಹಾಗೆ ದಾರಿಗೆ ಒಂದು ಗಟ್ಟಿ ಸರಪಳಿ ಬೇಕು, ಅದನ್ನ ಅಲ್ಲಿ ಹೋದ್ಮೇಲೆ ಕ್ಯಾಂಪ್‌ನಲ್ಲಿ ರಾತ್ರಿ ಎಲ್ಲಾ ಸೈಕಲ್ ಒಟ್ಟಿಗೆ ಕಟ್ಟಕ್ಕೆ ಬಳಸಿ.

ಇನ್ನೊಂದೆರಡು ಸಣ್ಣ ವಿಷಯ. ಕ್ಯಾಂಪ್‌ನೋರೆಲ್ಲ ಒಂದೇ ನಂಬರ್ ಇಟ್ಕೊಳ್ಳಿ, ಒಬ್ಬರಿಗೊಬ್ಬರು ಸೈಕಲ್ ತಂದ್ಕೊಡಕ್ಕೆ ಸುಲಭ. ಕತ್ತಲಲ್ಲಿ ಧೂಳು ಮೆತ್ತಿರೋ ನಂಬರ್ ಓದೋದು ಕಷ್ಟ, ಅದಕ್ಕೆ ಹೆಡ್‌ಲ್ಯಾಂಪ್ ಹಣೇಲೇ ಇರ್ಲಿ. ಬೀಗದ ನಂಬರ್ ಗಾಲಿ ಜಾಮ್ ಆದ್ರೆ ಎಣ್ಣೆ ಬಿಡ್ಬೇಡಿ, ಊದಿ ಬ್ರಷ್‌ನಲ್ಲಿ ಉಜ್ಜಿ.

ಮರುಭೂಮೀಲಿ ಕಂಬ ಎಲ್ಲಿರತ್ತೆ, ಯಾವುದಕ್ಕೆ ಕಟ್ಟೋದು?

ಕಂಬ ಇಲ್ಲ, ಬೇಕಾಗೂ ಇಲ್ಲ. ಫ್ರೇಮಿಗೂ ಚಕ್ರಕ್ಕೂ ಸೇರಿಸಿ ಬೀಗ ಹಾಕಿದ್ರೆ ಚಕ್ರ ತಿರುಗಲ್ಲ, ಹತ್ತಿ ಓಡಿಸಕ್ಕಾಗಲ್ಲ, ಅಷ್ಟೇ ಬೇಕಾಗಿರೋದು. ಊರಲ್ಲಿ ಹಿಂದಿನ ಚಕ್ರಕ್ಕೆ ಒಂದು ದುಂಡನೆ ಬೀಗ ಇರ್ತಿತ್ತಲ್ಲ, ಕಡ್ಡಿ ಮಧ್ಯೆ ಹೋಗಿ ಟಕ್ ಅನ್ನೋದು, ಅದೇ ಕೆಲಸ. ಇಬ್ಬರು ಮೂವರಿದ್ರೆ ಸೈಕಲ್‌ಗಳನ್ನ ಒಂದಕ್ಕೊಂದು ಸೇರಿಸಿ ಹಾಕಿ, ಮೂರು ಸೈಕಲ್ ಗಂಟು ಹೊತ್ಕೊಂಡು ಯಾರೂ ಹೋಗಲ್ಲ. ಹಾಗೆ ಸೇರಿಸೋವಾಗ ಗೊತ್ತಿಲ್ದೋರ ಸೈಕಲ್ ನಿಮ್ಮ ಕೇಬಲ್ ಒಳಗೆ ಸಿಕ್ಕಾಕ್ಕೊಂಡಿಲ್ಲ ತಾನೇ ಅಂತ ನೋಡಿ, ಇದು ತುಂಬಾ ಸಲ ಆಗತ್ತೆ, ಆಮೇಲೆ ಪಾಪ ಅವರು ಅಲ್ಲೇ ಕೂತು ಕಾಯ್ಬೇಕು.

ಕಲಾಕೃತಿಗಳಿಗೆ, ಬೇರೆಯೋರ ಟೆಂಟ್ ಹಗ್ಗಕ್ಕೆ, ಟಾಯ್ಲೆಟ್ ಬಾಗಿಲಿನ ಹಿಡಿಗೆ ಕಟ್ಬೇಡಿ.

ರಾತ್ರಿ ಕ್ಯಾಂಪ್‌ನಲ್ಲಿ ಎಲ್ಲಿಡೋದು?

ರಸ್ತೆ ಬದಿ ಬೇಡ, ಟೆಂಟುಗಳ ಮಧ್ಯೆ ಒಳಗಿಡಿ, ಎಲ್ಲಾ ಸೇರಿಸಿ ಒಂದೇ ಸರಪಳಿ. ಮೇಲೆ ಒಂದು ಸೋಲಾರ್ ಲೈಟ್ ಇಟ್ಬಿಡಿ, ಕಳ್ಳನಿಗಿಂತ ಜಾಸ್ತಿ ನೀವೇ ಎಡವಿ ಬೀಳ್ತೀರ ಇಲ್ದಿದ್ರೆ.

ನನ್ನ ಸೈಕಲ್ ನಂದು ಅಂತ ಗೊತ್ತಾಗಕ್ಕೆ ಏನ್ ಮಾಡ್ಲಿ?

ನಮ್ಮೂರುಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡೋ ಅಂಗಡಿಯೋರು ಮಡ್‌ಗಾರ್ಡ್ ಮೇಲೆ ಎದ್ದು ಕಾಣೋ ಬಣ್ಣದಲ್ಲಿ ಅಂಗಡಿ ಹೆಸರು, ದಪ್ಪ ನಂಬರ್ ಬರೆಸಿರ್ತಿದ್ರು, ಊರಾಚೆ ಎಲ್ಲೇ ಕಂಡ್ರೂ ಇದು ಅವರದ್ದು ಅಂತ ಹುಡುಗ್ರೂ ಹೇಳ್ತಿದ್ರು. ಅದೇ ಬುದ್ಧಿ ಇಲ್ಲಿ ಬೇಕು. ಹೆಸರು, ಕ್ಯಾಂಪ್ ಹೆಸರು, ವಿಳಾಸ ಇಷ್ಟನ್ನ ಡಕ್ಟ್ ಟೇಪ್ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಸೀಟಿನ ಕೆಳಗಡೆ ಕೊಳವೆಗೆ ಸುತ್ತಿ, ಮೇಲೊಂದು ಪದರ ಪಾರದರ್ಶಕ ಟೇಪ್ ಹಾಕಿ. ಕಾಣೋ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಬರೀರಿ, ಕನ್ನಡದಲ್ಲಿ ಮಾತ್ರ ಬರೆದ್ರೆ ಸಿಕ್ಕಿದೋರಿಗೆ ಓದಕ್ಕಾಗ್ಬೇಕಲ್ಲ.

ಅಲಂಕಾರ ಮಾಡೋವಾಗ ಬಣ್ಣ ನಂಬ್ಕೋಬೇಡಿ, ಮೂರನೇ ದಿನಕ್ಕೆ ಎಲ್ಲಾ ಬಣ್ಣಾನೂ ಬೂದಿ ಬಣ್ಣ. ಆಕಾರ ನಂಬಿ. ಎತ್ತರಕ್ಕೆ ಬಾಗೋ ಫೈಬರ್ ಕೋಲು ಕಟ್ಟಿ ಅದರ ತುದೀಲಿ ಬೇರೆ ಯಾರೂ ಹಾಕ್ದಿರೋಂಥದ್ದು ಏನಾದ್ರೂ ಹಾಕಿ, ಚಕ್ಕುಲಿ ಆಕಾರದ ಲೈಟ್ ಆದ್ರೂ ಸರಿ. ನಮ್ಮ ಹಳದಿ ಕೆಂಪು ಬಾವುಟ ಕಟ್ಟೋರು ಇದಾರೆ, ಚೆನ್ನಾಗೇ ಕಾಣತ್ತೆ, ಆದ್ರೆ ಅಂಚು ಹೊಲಿಸಿರೋ ಬಟ್ಟೇನೇ ತಗೊಳ್ಳಿ. ಅಲ್ಲಿನ ಗಾಳಿಗೆ ಒಂದೇ ದಿನದಲ್ಲಿ ಅಂಚಿನ ನೂಲು ಎಳೆಎಳೆಯಾಗಿ ಬಿಚ್ಕೊಂಡು ನೆಲಕ್ಕೆ ಬೀಳತ್ತೆ, ನೆಲದ ಮೇಲೆ ಒಂದು ದಾರ ಬಿದ್ರೂ ಅದು ಮೂಪ್, ಅಂದ್ರೆ ಅಲ್ಲಿರಬಾರದ ಕಸ, ಅದನ್ನ ಹೆಕ್ಕೋ ಜವಾಬ್ದಾರಿ ನಿಮ್ಮದೇ. ಪುಕ್ಕ, ಗ್ಲಿಟರ್ ಅಂತೂ ಬೇಡ್ವೇ ಬೇಡ.

ರಾತ್ರಿ ಲೈಟ್ ಹಾಕ್ಲೇಬೇಕಾ?

ಹಾಕ್ಲೇಬೇಕು, ಮುಂದೆ ಬಿಳಿ ಹಿಂದೆ ಕೆಂಪು. ಆರ್ಟ್ ಕಾರಿನ ಡ್ರೈವರ್‌ಗೆ ನೀವು ಕಾಣ್ಬೇಕು. ಬಿಚ್ಚಕ್ಕೆ ಬರೋ ಲೈಟಾದ್ರೆ ಇಳಿದಾಗ ಕೈಗೆ ತಗೊಳ್ಳಿ, ಸೈಕಲ್‌ಗಿಂತ ಮುಂಚೆ ಅದು ಹೋಗತ್ತೆ. ಸೀಟಿಗೂ ಇದೇ ಮಾತು, ಲಿವರ್ ಎತ್ತಿದ್ರೆ ಬಿಚ್ಕೊಳ್ಳೋ ಸೀಟಿದ್ರೆ ಮನೇಲೇ ಅದನ್ನ ಸಾದಾ ಬೋಲ್ಟಿಗೆ ಬದಲಾಯ್ಸಿ.

ಮ್ಯಾನ್ ಸುಡೋ ರಾತ್ರಿ ಸೈಕಲ್ ಒಯ್ಯೋದಾ ಬೇಡ್ವಾ?

ಶನಿವಾರ ರಾತ್ರಿ ಮ್ಯಾನ್ ಸುಡ್ತಾರೆ, ಭಾನುವಾರ ರಾತ್ರಿ ಟೆಂಪಲ್ ಅನ್ನೋ ಮರದ ಕಟ್ಟಡ. ಶನಿವಾರ ಹೆಚ್ಚುಕಮ್ಮಿ ಇಡೀ ಊರು ಒಂದೇ ಕಡೆ ಸೇರತ್ತೆ, ಅಷ್ಟೂ ಸೈಕಲ್ ವೃತ್ತಾಕಾರವಾಗಿ ಕತ್ತಲಲ್ಲಿ ನೆಲದ ಮೇಲೆ ಮಲಗಿರತ್ತೆ, ಉರಿದು ಮುಗಿದ್ಮೇಲೆ ಎಲ್ಲರೂ ಒಟ್ಟಿಗೆ ಎದ್ದು ಹೊರಡ್ತಾರೆ. ಅತೀ ಹೆಚ್ಚು ಅದಲು ಬದಲಾಗೋದು ಆ ಹೊತ್ತಲ್ಲೇ. ನನ್ನ ಸಲಹೆ, ನಡೆಯೋ ಶಕ್ತಿ ಇದ್ರೆ ಆವತ್ತೊಂದು ದಿನ ಸೈಕಲ್ ಕ್ಯಾಂಪ್‌ನಲ್ಲೇ ಬಿಡಿ. ಒಯ್ದೇ ಒಯ್ತೀನಿ ಅಂದ್ರೆ ಗುಂಪಿನ ಹತ್ತಿರ ಹೋಗ್ಬೇಡಿ, ಎಸ್ಪ್ಲನೇಡ್ ಅಂತ ಒಳಗಿನ ಮೊದಲ ರಸ್ತೆ ಇದೆಯಲ್ಲ, ಅಲ್ಲಿರೋ ಯಾವುದಾದ್ರೂ ದೊಡ್ಡ ಕ್ಯಾಂಪ್ ಪಕ್ಕ ಬೀಗ ಹಾಕಿ ಅಲ್ಲಿಂದ ನಡ್ಕೊಂಡು ಹೋಗಿ. ಗುರುತಿಗೆ ಆರ್ಟ್ ಕಾರ್ ನೋಡಿಟ್ಕೋಬೇಡಿ, ವಾಪಸ್ ಬರೋ ಹೊತ್ತಿಗೆ ಅದು ಇನ್ನೆಲ್ಲೋ ಹೋಗಿರತ್ತೆ. ಇದನ್ನ ಎಷ್ಟು ಹೇಳಿದ್ರೂ ಪ್ರತಿ ವರ್ಷ ಯಾರಾದ್ರೂ ಒಬ್ಬರು ಆ ದೊಡ್ಡ ಡ್ರ್ಯಾಗನ್ ಪಕ್ಕ ಇಟ್ಟಿದ್ದೆ ಅಂತ ಹುಡುಕ್ತಾ ಇರ್ತಾರೆ.

ಏರ್‌ಟ್ಯಾಗ್ ಹಾಕಿದ್ರೆ ಎಲ್ಲಿದೆ ಅಂತ ಗೊತ್ತಾಗತ್ತಲ್ಲ?

ಊರಲ್ಲಿ ಗೊತ್ತಾಗತ್ತೆ, ಅಲ್ಲಿ ಅಷ್ಟಕ್ಕಷ್ಟೇ. ಏರ್‌ಟ್ಯಾಗ್ ಅಂದ್ರೆ ವಸ್ತು ಎಲ್ಲಿದೆ ಅಂತ ತಿಳಿಸೋ ಆಪಲ್‌ನ ಸಣ್ಣ ಬಿಲ್ಲೆ. ಏರ್‌ಟ್ಯಾಗ್ ತಾನಾಗೇ ಎಲ್ಲೂ ಸುದ್ದಿ ಕಳಿಸಲ್ಲ, ಹತ್ರ ಓಡಾಡೋ ಐಫೋನ್ ಅದನ್ನ ಕೇಳಿಸ್ಕೊಂಡು ಇಂಟರ್ನೆಟ್ ಮೂಲಕ ಮುಂದೆ ಕಳಿಸ್ಬೇಕು. ಪ್ಲಾಯಾದಲ್ಲಿ ಸಾವಿರಾರು ಐಫೋನ್ ಇರ್ತವೆ, ಸಿಗ್ನಲ್ ಮಾತ್ರ ನೆಟ್ಟಗೆ ಇರಲ್ಲ. ಹಾಗಾಗಿ ಸೈಕಲ್ ಎಲ್ಲಿದೆ ಅಂತ ಮ್ಯಾಪಲ್ಲಿ ನೋಡ್ತಾ ಕೂತ್ರೆ ನಿನ್ನೆದೋ ಮೊನ್ನೆದೋ ಜಾಗ ತೋರ್ಸತ್ತೆ. ಆದ್ರೆ ಹತ್ತಿಪ್ಪತ್ತು ಮೀಟರ್ ಒಳಗೆ ಬಂದ್ರೆ ಫೋನು ಟ್ಯಾಗು ನೇರ ಮಾತಾಡ್ಕೊಳ್ತವೆ, ಸದ್ದು ಮಾಡ್ಸಬಹುದು, ರಾಶಿ ಸೈಕಲ್ ಮಧ್ಯೆ ನಿಮ್ಮದು ಹುಡುಕಕ್ಕೆ ಅಷ್ಟು ಸಾಕು. ರೀನೋ ಪಾರ್ಕಿಂಗ್ ಲಾಟಿನಿಂದ ಹೋದ್ರಂತೂ ಪೂರ್ತಿ ಕೆಲಸಕ್ಕೆ ಬರತ್ತೆ. ಸೀಟಿನ ಒಳಗೆ ಟೇಪ್ ಸುತ್ತಿ ಬಚ್ಚಿಡಿ.

ಕಳೆದೋಯ್ತು! ಈಗೇನ್ ಮಾಡ್ಲಿ?

ಮೊದಲು ಸಿಟ್ಟು ಬಿಡಿ, ಬಿಟ್ಟ ಜಾಗದ ಸುತ್ತ ದೊಡ್ಡದಾಗಿ ಎರಡು ಸುತ್ತು ನಡೀರಿ. ನಿಮ್ಮ ನೆನಪೇ ಕೈಕೊಟ್ಟಿರೋ ಸಾಧ್ಯತೆ ಜಾಸ್ತಿ, ಧೂಳಿನ ಬಿರುಗಾಳಿ ಬಂದು ಹೋದ್ಮೇಲೆ ಆ ಜಾಗಾನೇ ಬೇರೆ ಥರ ಕಾಣತ್ತೆ. ಆಮೇಲೆ ಹತ್ತಿರದ ಟಾಯ್ಲೆಟ್ ಸಾಲುಗಳ ಸುತ್ತ, ದೊಡ್ಡ ಮ್ಯೂಸಿಕ್ ಕ್ಯಾಂಪ್‌ಗಳ ಮುಂದೆ ನೋಡಿ. ಮಾರನೇ ಬೆಳಗ್ಗೆ ಬೆಳಕಲ್ಲಿ ಮತ್ತೆ ನೋಡಿ, ರಾತ್ರಿ ಎತ್ಕೊಂಡು ಹೋದೋರು ಬೆಳಗ್ಗೆ ಬಿಟ್ಟಿರ್ತಾರೆ. ಟೇಪ್ ಮೇಲೆ ವಿಳಾಸ ಬರೆದಿದ್ರೆ ಯಾರಾದ್ರೂ ಪುಣ್ಯಾತ್ಮರು ತಂದು ಬಿಡೋದೂ ಉಂಟು.

ಖಾಕಿ ಹಾಕ್ಕೊಂಡು ಓಡಾಡೋ ಬ್ಲ್ಯಾಕ್ ರಾಕ್ ರೇಂಜರ್‌ಗಳನ್ನ ಕೇಳಬಹುದು, ಒಳ್ಳೇ ಜನ, ಆದ್ರೆ ಅವರು ಸ್ವಯಂಸೇವಕರು, ಪೊಲೀಸಲ್ಲ, ನೂರು ಡಾಲರ್ ಸೈಕಲ್ ಹುಡುಕಕ್ಕೆ ಅವರನ್ನ ಓಡಿಸ್ಬೇಡಿ. ದುಬಾರಿ ಇ-ಬೈಕ್ ಹೋಗಿದ್ರೆ ಅದು ಬೇರೆ ಮಾತು, ಪರ್ಶಿಂಗ್ ಕೌಂಟಿ ಶೆರಿಫ್ ಕಡೆಯೋರು, ಅಂದ್ರೆ ಅಲ್ಲಿನ ಪೊಲೀಸರು, ಅಲ್ಲೇ ಇರ್ತಾರೆ, ಕಂಪ್ಲೇಂಟ್ ಬರೆಸಿ ರಿಪೋರ್ಟ್ ನಂಬರ್ ತಗೊಳ್ಳಿ, ಇನ್ಶೂರೆನ್ಸ್‌ನೋರು ಅದನ್ನೇ ಮೊದಲು ಕೇಳೋದು. ಅದಕ್ಕೆ ಸೀರಿಯಲ್ ನಂಬರ್ ಬೇಕು, ಸೈಕಲ್ ಮಗುಚಿ ಹಾಕಿದ್ರೆ ಪೆಡಲ್ ತಿರುಗೋ ಕೊಳವೆಯ ತಳದಲ್ಲಿ ಕೆತ್ತಿರತ್ತೆ, ಮನೇಲೇ ಫೋಟೋ ತೆಗೆದು ಬೈಕ್ ಇಂಡೆಕ್ಸ್ ಅನ್ನೋ ಸೈಟಲ್ಲಿ ಫ್ರೀಯಾಗಿ ರಿಜಿಸ್ಟರ್ ಮಾಡಿಡಿ. ಬಾಡಿಗೆ ಮನೆಯೋರು ಮಾಡಿಸೋ ರೆಂಟರ್ಸ್ ಇನ್ಶೂರೆನ್ಸ್‌ನಲ್ಲಿ ಮನೆ ಆಚೆ ಕಳೆದ ಸೈಕಲ್‌ಗೂ ದುಡ್ಡು ಬರೋದುಂಟು, ಆದ್ರೆ ಡಿಡಕ್ಟಿಬಲ್, ಅಂದ್ರೆ ಮೊದಲು ನೀವೇ ಭರಿಸೋ ಮೊತ್ತ, ಐನೂರು ಡಾಲರ್ ಇದ್ರೆ ನೂರು ಡಾಲರ್ ಕ್ರೂಸರ್‌ಗೆ ಏನು ಬರತ್ತೆ, ಲೆಕ್ಕ ನೀವೇ ಹಾಕ್ಕೊಳ್ಳಿ. ಇ-ಬೈಕ್‌ಗೆ ಅನ್ವಯಿಸಲ್ಲ ಅಂತ ಬರೆದಿರೋ ಪಾಲಿಸಿಗಳೂ ಇವೆ, ಓದ್ಕೊಂಡು ಹೋಗಿ.

ನಂದು ಹೋಯ್ತು, ಪಕ್ಕದಲ್ಲಿ ಎರಡು ದಿನದಿಂದ ಅನಾಥವಾಗಿ ಒಂದು ಬಿದ್ದಿದೆ, ತಗೊಳ್ಳಲಾ?

ಬೇಡ ರೀ. ನಿಮ್ಮದು ಹೋಗಿದ್ದೂ ಹೀಗೇ ಯೋಚನೆ ಮಾಡಿದೋರಿಂದ. ಟ್ಯಾಗ್ ಇದ್ಯಾ ನೋಡಿ, ಇದ್ರೆ ತಲುಪಿಸಿ, ನೀವು ಹಸಿರು ಸೈಕಲ್ ಹುಡುಕಿ.

ಬಾಡಿಗೆಗೆ ತಗೊಂಡ್ರೆ ಈ ತಲೆನೋವು ಇರಲ್ವಲ್ಲ?

ಒಯ್ಯೋ ತಲೆನೋವು ತಪ್ಪತ್ತೆ, ವಿಮಾನದಲ್ಲಿ ಬರೋರಿಗೆ, ಸಿಯಾಟಲ್ ಡಾಲಸ್ ಕಡೆಯಿಂದ ಬರೋರಿಗೆ ಅದೇ ಒಳ್ಳೇದು. ಕಾಯೋ ತಲೆನೋವು ತಪ್ಪಲ್ಲ, ಕಳೆದ್ರೆ ಡೆಪಾಸಿಟ್ ಹೋಗತ್ತೆ. ಬಾಡಿಗೆ ಸೈಕಲ್‌ಗಳು ನೂರಾರು ಒಂದೇ ಥರ ಇರ್ತವೆ, ಅದಕ್ಕೆ ಗುರುತು ಮಾಡೋದು ಇನ್ನೂ ಮುಖ್ಯ.

ಧೂಳಿಗೆ ಚೈನ್ ಹಾಳಾಗಲ್ವಾ? ಎಣ್ಣೆ ಎಷ್ಟು ಹಾಕ್ಲಿ?

ಎಣ್ಣೆ ಜಾಸ್ತಿ ಹಾಕಿದಷ್ಟೂ ಧೂಳು ಅಂಟ್ಕೊಂಡು ಗ್ರೈಂಡಿಂಗ್ ಪೇಸ್ಟ್ ಆಗತ್ತೆ. ಹೋಗೋ ಮುಂಚೆ ಮೇಣ ಇರೋ ಡ್ರೈ ಲೂಬ್ ಹಾಕಿ ಒರೆಸಿಬಿಡಿ, ಅಲ್ಲಿ ಕಿರ್ ಕಿರ್ ಅಂದ್ರೂ ತಲೆ ಕೆಡಿಸ್ಕೋಬೇಡಿ. ಪಂಕ್ಚರ್ ಕಿಟ್, ಒಂದು ಟ್ಯೂಬು, ಪಂಪು, ಸ್ಪ್ಯಾನರ್ ಕ್ಯಾಂಪ್‌ಗೆ ಒಂದು ಸೆಟ್ ಇರ್ಲಿ. ಸೈಕಲ್ ರಿಪೇರಿ ಮಾಡ್ಕೊಡೋ ಕ್ಯಾಂಪ್‌ಗಳೂ ಇವೆ, ಆದ್ರೆ ನಿಮ್ಮ ಪಂಕ್ಚರ್ ಹಾಕ್ಕೊಡೋದು ಅವರ ಕರ್ತವ್ಯ ಏನಲ್ಲ.

ಮಳೆ ಬಂದ್ರೆ?

ಸೈಕಲ್ ಮುಟ್ಟಲೇಬೇಡಿ. ಆ ನೆಲ ಒದ್ದೆಯಾದ್ರೆ ಗೋಂದಿನ ಹಾಗೆ ಅಂಟತ್ತೆ, ಹತ್ತು ಅಡಿ ಹೋಗೋದ್ರೊಳಗೆ ಚಕ್ರ ಫೋರ್ಕು ಮಧ್ಯೆ ಮಣ್ಣು ಗಟ್ಟಿಯಾಗಿ ಕೂತು ತಿರುಗೋದೇ ನಿಂತೋಗತ್ತೆ. 2023ರಲ್ಲಿ ಕೊನೇ ಶುಕ್ರವಾರ ಮಳೆ ಶುರುವಾಗಿ ಗೇಟ್ ಮುಚ್ಚಿದ್ರು, ಸಾವಿರಾರು ಜನ ಇದ್ದಲ್ಲೇ ಉಳೀಬೇಕಾಯ್ತು, ಸೈಕಲ್ ಹೊತ್ಕೊಂಡು ಕೆಸರಲ್ಲಿ ನಡೀತಿದ್ದೋರ ಫೋಟೋ ನೀವೂ ನೋಡಿರ್ತೀರ. ಅಂಥ ಹೊತ್ತಲ್ಲಿ ದೂರ ಎಲ್ಲೋ ಬೀಗ ಹಾಕಿ ಬಿಟ್ಟಿದ್ರೆ ಅಲ್ಲೇ ಇರ್ಲಿ, ನೆಲ ಒಣಗಿದ್ಮೇಲೆ ಹೋಗಿ ತನ್ನಿ.

ವಾಪಸ್ ಬರೋವಾಗ ಹಳೇ ಸೈಕಲ್ ಅಲ್ಲೇ ಬಿಟ್ಟು ಬಂದ್ರೆ ಯಾರಾದ್ರೂ ಬಳಸ್ತಾರಲ್ವಾ?

ಇಲ್ಲ. ಇದೇ ಯೋಚನೆ ಮಾಡಿ ಸಾವಿರಾರು ಜನ ಬಿಟ್ಟು ಹೋದ ವರ್ಷಗಳಿವೆ, ಅದನ್ನೆಲ್ಲ ಎತ್ತಿ ಸಾಗಿಸೋದು ಉಳಿದ ಸ್ವಯಂಸೇವಕರ ತಲೆ ಮೇಲೆ ಬಿತ್ತು. ತಂದಿದ್ದೆಲ್ಲ ವಾಪಸ್ ಒಯ್ಯೋದು ಅಲ್ಲಿನ ಮೊದಲ ನಿಯಮ, ಮುರಿದ ಸೈಕಲ್ಲೂ ಅದರಲ್ಲಿ ಸೇರ್ತು. ಬೇಡ ಅನ್ಸಿದ್ರೆ ರೀನೋದಲ್ಲಿ ಹಳೇ ಸೈಕಲ್ ತಗೊಂಡು ರಿಪೇರಿ ಮಾಡಿ ಬೇಕಾದೋರಿಗೆ ಕೊಡೋ ಸಂಸ್ಥೆಗಳಿವೆ, ಮೊದಲೇ ವಿಚಾರಿಸಿ ಅಲ್ಲಿಗೆ ಕೊಡಿ. ದಾರಿ ಬದಿ ಇಳಿಸಿ ಬರೋದು, ಗರ್ಲಾಕ್ ಊರಿನ ಕಸದ ತೊಟ್ಟಿ ಪಕ್ಕ ಒರಗಿಸೋದು ಮಾಡ್ಬೇಡಿ, ಪಾಪ ಅದು ಬರೀ ಬೆರಳೆಣಿಕೆ ಮನೆಗಳ ಊರು.

ಮನೆಗೆ ಬಂದ್ಮೇಲೆ ತೊಳೆಯೋದ್ ಹೇಗೆ?

ಅಲ್ಲೇ ತೊಳೆಯೋ ಹಾಗಿಲ್ಲ, ಕೊಳೆ ನೀರು ಆ ನೆಲಕ್ಕೆ ಚೆಲ್ಲಬಾರದು. ಮನೆಗೆ ಬಂದ ವಾರದೊಳಗೆ ತೊಳೆದುಬಿಡಿ, ಗ್ಯಾರೇಜಲ್ಲಿ ಹಾಗೇ ಬಿಟ್ರೆ ಮುಂದಿನ ವರ್ಷಕ್ಕೆ ಚೈನ್ ಕಲ್ಲಾಗಿರತ್ತೆ. ಮೊದಲು ಒಣ ಬ್ರಷ್‌ನಲ್ಲಿ ಧೂಳು ಉದುರಿಸಿ, ಆಮೇಲೆ ಒಂದು ಬಕೆಟ್ ನೀರಿಗೆ ಒಂದಷ್ಟು ಬಿಳೀ ವಿನೆಗರ್ ಹಾಕಿ ಆ ನೀರಲ್ಲಿ ಬಟ್ಟೆ ಅದ್ದಿ ಫ್ರೇಮು ರಿಮ್ಮು ಕಡ್ಡಿ ಎಲ್ಲಾ ಒರೆಸಿ, ಕ್ಷಾರಕ್ಕೆ ಹುಳಿ ಮದ್ದು. ವಿನೆಗರ್ ಹಾಗೇ ಒಣಗಕ್ಕೆ ಬಿಡ್ಬೇಡಿ, ತಕ್ಷಣ ಸಾದಾ ನೀರಲ್ಲಿ ತೊಳೆದು ಒರೆಸಿ ಚೈನಿಗೆ ಹೊಸದಾಗಿ ಎಣ್ಣೆ ಹಾಕಿ. ಬೀಗಾನೂ ಅದೇ ನೀರಲ್ಲಿ ಅದ್ದಿ ನಂಬರ್ ಗಾ‌ಲಿ ಎಲ್ಲಾ ತಿರುಗತ್ತಾ ನೋಡಿ, ತಿರುಗ್ದಿದ್ರೆ ಈಗ್ಲೇ ಎಸೆದು ಹೊಸದು ತಗೊಳ್ಳಿ.